ಜಾತ್ರೆ, ಜಾಡ್ಯ, ಕಾಯಿದೆ

2020ನೆಯ ಇಸವಿಯ ವೈಶಾಖಮಾಸ. ಅಕ್ಕಲಕೋಟೆಯ ಸೀಮೆಯಲ್ಲಿ ಬಸವ ಜಯಂತಿಯ ಹಿಂದುಮುಂದಿನ ದಿನಗಳೆಂದರೆ ತೇರಿನ ದಿನಗಳು. ಸೊಲ್ಲಾಪುರದ ಮಗ್ಗಗಳಿಗೆ, ಪುಣೆ ಮುಂಬಯಿಗಳ ಕೂಲಿಗೆ, ಕಲಬುರ್ಗಿ ವಿಜಾಪುರಗಳ ಬೀಗರ ಮನೆಗಳಿಗೆ ಚದುರಿಹೋದವರೆಲ್ಲ ವರ್ಷಕ್ಕೊಮ್ಮೆ ಊರನ್ನು ನೆನೆದು ಬರುವ ಕಾಲವದು. ಆ ವರ್ಷ ಯಾರೂ ಬರಲಿಲ್ಲ. ತೇರಿಗೆ ಇನ್ನು ಐದು ದಿನಗಳಿರುವಾಗ ಮೇಲಿನ ಕಚೇರಿಯೊಂದರಿಂದ ಆದೇಶಪತ್ರವೊಂದು ನಮ್ಮೂರ ದೇವಸ್ಥಾನದ ಪಂಚರ ಕೈಸೇರಿತು. ಪತ್ರ ಮರಾಠಿಯಲ್ಲಿದ್ದಿತು, ಅದಕ್ಕೆ ಲಗತ್ತಿಸಿದ್ದ ಹಾಳೆಗಳು ಇಂಗ್ಲಿಷಿನಲ್ಲಿದ್ದುವು. ಪಂಚರಲ್ಲಿ ಹಿರಿಯರಾದ ಒಬ್ಬರು, ಎಂಬತ್ತನ್ನು ದಾಟಿದವರು, ಕನ್ನಡವೊಂದನ್ನುಳಿದು ಬೇರೆ ಲಿಪಿಯನ್ನರಿಯದವರು, ಅದನ್ನು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರು.

"ಮಾಸ್ತರ್ರ, ಇದರಾಗ ಏನ್ ಬರದಾರ ಓದಿ ಹೇಳ್ರಿ. ದೇವರಿಗೂ ಸೂಟಿ ಕೊಟ್ಟಾರಂತ ಹುಡುಗರು ನಗತಾವ" ಎಂದರು.

ಓದಿ ಹೇಳಿದೆವು. ಕೇಂದ್ರದ ಗೃಹಖಾತೆಯು 2020ರ ಮಾರ್ಚ್ 24ರಂದು ಹೊರಡಿಸಿದ್ದ ಆದೇಶದ ಸಾರ ಅದರಲ್ಲಿದ್ದಿತು. ಪೂಜಾಸ್ಥಳಗಳೆಲ್ಲವನ್ನೂ ಸಾರ್ವಜನಿಕರಿಗೆ ಮುಚ್ಚತಕ್ಕದ್ದು. ಯಾವ ಅಪವಾದವೂ ಇಲ್ಲದೆ ಧಾರ್ಮಿಕ ಸಮಾವೇಶಗಳಿಗೆ ಅವಕಾಶವಿಲ್ಲ. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಮಂದಿ ಸೇರಕೂಡದು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಮೂರು ಮಾತು ಕೇಳಿದರು. "ಹಿಂಗ ಮಾಡಾಕ ಅವರಿಗೆ ಅಧಿಕಾರ ಐತೇನ್ರಿ? ಇದು ಎಲ್ಲಾರಿಗೂ ಒಂದ ಲೆಕ್ಕನ? ಎಂದಿನ ತನಕ?"

ಕಾಯಿದೆಯನ್ನು ಓದಿದವರಲ್ಲ ಅವರು. ಆದರೆ ಈ ಮೂರು ಪ್ರಶ್ನೆಗಳಿಗಿಂತ ಹೆಚ್ಚಿನದನ್ನು ದೊಡ್ಡ ದೊಡ್ಡ ವಕೀಲರೂ ನ್ಯಾಯಾಸನದ ಮುಂದೆ ಕೇಳಲಿಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು. ಅಂದು ನಾವು ಕೊಟ್ಟ ಉತ್ತರ ಅರ್ಧಮರ್ಧವಾಗಿದ್ದಿತು. ಭಾಷೆಯನ್ನು ಕಲಿಸುವವರಿಗೆ ಕಾಯಿದೆಯ ಜ್ಞಾನ ಎಷ್ಟಿದ್ದೀತು? ಆ ಕೊರತೆಯನ್ನು ತುಂಬಿಕೊಳ್ಳಲು ಅನಂತರ ನಾವು ಓದಿ ಕೇಳಿ ಸಂಗ್ರಹಿಸಿದುದನ್ನು ಸಂಘದ ಈ ವಾರ್ಷಿಕ ಸಂಚಿಕೆಯ ಮೂಲಕ ನಮ್ಮ ಗಡಿನಾಡಿನ ಬಂಧುಗಳ ಮುಂದಿಡುತ್ತಿದ್ದೇವೆ.

ಕಥೆ ಆಂಗ್ಲರ ಕಾಲದಿಂದ ಆರಂಭವಾಗುತ್ತದೆ. 1858ರ ನವೆಂಬರ್ 1ರಂದು ಪ್ರಕಟವಾದ ವಿಕ್ಟೋರಿಯಾ ರಾಣಿಯ ಘೋಷಣೆಯಲ್ಲಿ, ಪ್ರಜೆಗಳ ಮತವಿಶ್ವಾಸದಲ್ಲಾಗಲಿ ಪೂಜಾವಿಧಾನದಲ್ಲಾಗಲಿ ಅಧಿಕಾರಿಗಳು ಕೈಹಾಕಕೂಡದೆಂಬ ಕಟ್ಟಪ್ಪಣೆಯಿದ್ದಿತು. ಇದು ರಾಣಿಯ ವಚನವೇ ಹೊರತು ಪ್ರಜೆಯು ನ್ಯಾಯಾಲಯದಲ್ಲಿ ಹಿಡಿದು ನಿಲ್ಲಬಹುದಾದ ಹಕ್ಕಲ್ಲ. ಆದರೂ ಆ ವಚನದ ದಾಕ್ಷಿಣ್ಯದಿಂದ ಅಧಿಕಾರಿಗಳು ಜಾತ್ರೆ ಪರಿಷೆಗಳ ತಂಟೆಗೆ ಹೋಗಲು ಬಹುಕಾಲ ಅಳುಕುತ್ತಿದ್ದರು. ಇತ್ತ ಕಾಲರಾ ಜಾಡ್ಯವು ಯಾತ್ರಿಕರೊಡನೆ ಊರಿಂದೂರಿಗೆ ನಡೆಯುತ್ತದೆಂದು ವೈದ್ಯರು ಹೇಳತೊಡಗಿದರು. 1866ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನದಲ್ಲಿ ಭಾರತದ ತೀರ್ಥಕ್ಷೇತ್ರಗಳ ಮೇಲೆಯೇ ಎಲ್ಲರ ಬೆರಳು ನೆಟ್ಟಿತು. ಪುರಿ, ಹರಿದ್ವಾರ, ನಮ್ಮ ಪಕ್ಕದ ಪಂಢರಪುರ, ಇವುಗಳ ಹೆಸರು ಆ ಕಾಲದ ವೈದ್ಯಕೀಯ ವರದಿಗಳಲ್ಲಿ ದೇವರ ಹೆಸರಿಗಿಂತ ರೋಗದ ಹೆಸರಿನೊಡನೆಯೇ ಹೆಚ್ಚಾಗಿ ಬರುತ್ತಿದ್ದಿತು. ಆ ಬರಹಗಳಲ್ಲಿ ವಿಜ್ಞಾನವೂ ಇದ್ದಿತು, ತಾತ್ಸಾರವೂ ಇದ್ದಿತು. ಎರಡನ್ನೂ ಬೇರ್ಪಡಿಸಿ ಓದಬೇಕು. ಕೆಟ್ಟ ನೀರಿನಿಂದ ಕಾಲರಾ ಹರಡುವುದು ನಿಜ. ಆದರೆ ಒಳ್ಳೆಯ ನೀರನ್ನು ಒದಗಿಸುವುದಕ್ಕಿಂತ ಯಾತ್ರಿಕನನ್ನು ದೂರುವುದು ಸರಕಾರಕ್ಕೆ ಸುಲಭವೂ ಅಗ್ಗವೂ ಆಗಿದ್ದಿತೆಂಬುದೂ ಅಷ್ಟೇ ನಿಜ. 1892ರಲ್ಲಿ ಹರಿದ್ವಾರದ ಮಹಾವಾರುಣಿ ಮೇಳಕ್ಕೆ ಕೂಡಿದ್ದ ಜನರನ್ನು ಕಾಲರಾದ ಭೀತಿಯಿಂದ ಸರಕಾರವು ಚದುರಿಸಿದಾಗ, ರಾಣಿಯ ವಚನ ಎಲ್ಲಿ ಹೋಯಿತೆಂದು ದೇಶೀಯ ಪತ್ರಿಕೆಗಳು ಗಟ್ಟಿಯಾಗಿಯೇ ಕೇಳಿದುವು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಇರುವುದನ್ನು ಡಾ. ವಿಯೇಗಸ್ ಎಂಬ ವೈದ್ಯರು ಗುರುತಿಸಿದರು. ಅಲ್ಲಿಂದ ಐದು ತಿಂಗಳೊಳಗೆ, 1897ರ ಫೆಬ್ರುವರಿ 4ರಂದು, ಸಾಂಕ್ರಾಮಿಕ ರೋಗಗಳ ಕಾಯಿದೆ ಜನ್ಮ ತಾಳಿತು. ಮೂಲದಲ್ಲಿ ನಾಲ್ಕೇ ಸೆಕ್ಷನ್ನುಗಳ ಕಾಯಿದೆ. ಮೊದಲನೆಯದು ಹೆಸರು. ಎರಡನೆಯದು, ಸಾಮಾನ್ಯ ಕಾನೂನುಗಳು ಸಾಲವೆಂದು ಕಂಡಾಗ ಸರಕಾರವು ತನಗೆ ಅವಶ್ಯವೆನಿಸಿದ ಯಾವ ಕ್ರಮವನ್ನಾದರೂ ಕೈಕೊಳ್ಳಬಹುದೆಂಬುದು. ಮೂರನೆಯದು, ಮೀರಿದವರಿಗೆ ಶಿಕ್ಷೆ. ನಾಲ್ಕನೆಯದು, ಸದ್ಭಾವದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡಕೂಡದೆಂಬುದು. ಗುಡಿಯೆಂಬ ಮಾತಾಗಲಿ, ಮಸೀದಿಯೆಂಬ ಮಾತಾಗಲಿ, ಜಾತ್ರೆಯೆಂಬ ಮಾತಾಗಲಿ ಇದರಲ್ಲಿ ಎಲ್ಲಿಯೂ ಇಲ್ಲ. ಜಾತ್ರೆಯನ್ನು ನಿಲ್ಲಿಸೆಂದು ಅದು ಹೇಳುವುದಿಲ್ಲ. ಜಾತ್ರೆಗೆ ರಕ್ಷಣೆಯನ್ನೂ ಕೊಡುವುದಿಲ್ಲ. ಎಲ್ಲವೂ ಅಧಿಕಾರಿಯ ಮನಸ್ಸಿಗೆ ಬಿಟ್ಟ ಮಾತು. ಎಷ್ಟು ದಿನ, ಯಾವ ಕಾರಣಕ್ಕೆ, ಬೇರೆ ದಾರಿಯಿಲ್ಲವೆ ಎಂಬ ವಿಚಾರಣೆಗೆ ಅದರಲ್ಲಿ ಒಂದು ಸಾಲಿನ ಸ್ಥಳವೂ ಇರಲಿಲ್ಲ. ಅಚ್ಚರಿಯೆಂದರೆ 2020ರಲ್ಲಿ ರಾಜ್ಯಗಳು ಮೊದಲು ಕೈಗೆತ್ತಿಕೊಂಡ ಆಯುಧವೂ ಈ ಮುದಿ ಕಾಯಿದೆಯೇ.

ಆ 1897ರಲ್ಲಿಯೇ ಭಾರತದ ಮುಸಲ್ಮಾನರ ಹಜ್ ಯಾತ್ರೆ ತಡೆಯಲ್ಪಟ್ಟಿತು. ಪುಣೆಯಲ್ಲಿ ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡ್ ಎಂಬಾತನ ಕೈಕೆಳಗೆ ಗೋರಾ ಸೈನಿಕರು ಮನೆಮನೆಗಳನ್ನು ಹೊಕ್ಕು ಅಡಿಗೆಯ ಮನೆ, ದೇವರಕೋಣೆಗಳನ್ನೂ ಬಿಡದೆ ಶೋಧಿಸಿದರೆಂಬ ದೂರು ಊರೆಲ್ಲ ಹಬ್ಬಿತು. ಜೂನ್ 22ರ ರಾತ್ರಿ, ರಾಣಿಯ ಆಳಿಕೆಯ ಅರವತ್ತನೆಯ ವರ್ಷದ ಉತ್ಸವದಿಂದ ಮರಳುತ್ತಿದ್ದ ರ‍್ಯಾಂಡನಿಗೆ ಚಾಪೇಕರ ಸಹೋದರರ ಗುಂಡು ತಗುಲಿತು. ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಕೊಲೆಯನ್ನು ನಾವು ಕೊಂಡಾಡುವವರಲ್ಲ. ಆದರೆ ದೂರನ್ನು ಕೇಳುವ ಬಾಗಿಲನ್ನೇ ಇಡದ ಕಾಯಿದೆಯು ಜನರನ್ನು ಎಲ್ಲಿಗೆ ಮುಟ್ಟಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮುಂದಿನ ವರ್ಷಗಳಲ್ಲಿ ಸರಕಾರವೇ ಬಲಾತ್ಕಾರವನ್ನು ಸಡಿಲಿಸಿ ಊರಿನ ಮುಖಂಡರ ಸಹಾಯ ಬೇಡಿತು.

ಪ್ಲೇಗು ಕನ್ನಡನಾಡನ್ನೂ ಬಿಡಲಿಲ್ಲ. 1898ರ ಆಗಸ್ಟಿನಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ನಮ್ಮ ಅಜ್ಜಿ ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದ 'ಗಡ್ಡೆಬ್ಯಾನಿ'ಯ ಕಥೆಯಲ್ಲಿ, ಇಲಿ ಬಿದ್ದ ಮರುದಿನವೇ ಊರಿಗೆ ಊರೇ ಹೊಲಗಳಿಗೆ ಹೋಗಿ ಜೋಳದ ಕಣಿಕೆಯ ಗುಡಿಸಲು ಹಾಕಿಕೊಳ್ಳುತ್ತಿದ್ದಿತು; ಉತ್ಸವಮೂರ್ತಿಗೂ ಬನ್ನಿಯ ಮರದ ಕೆಳಗೆ ಒಂದು ಗುಡಿಸಲು. ಎರಡು ವರ್ಷ ತೇರು ಹೊರಡಲಿಲ್ಲವಂತೆ. ಯಾವ ಅಧಿಕಾರಿಯೂ ಬಂದು ಹೇಳಿದುದಲ್ಲ. ಊರೇ ಕೂಡಿ ತೀರ್ಮಾನಿಸಿದುದು.

ಇಲ್ಲಿ ಸ್ವಲ್ಪ ಹಿಂದೆ ಸರಿದು ಬೇರೊಂದು ದನಿಯನ್ನು ಕೇಳಬೇಕಾಗಿದೆ. ಅಧಿಕಾರಿಯ ಮನಸ್ಸೇ ಕಾಯಿದೆಯೆಂಬ ಆ ಕಾಲದಲ್ಲಿಯೂ ನ್ಯಾಯಾಸನದ ಮೇಲೆ ಬೇರೆ ರೀತಿಯ ವಿಚಾರ ಹುಟ್ಟಿದ್ದಿತು. 1883ರಲ್ಲಿ ಮದ್ರಾಸು ಹೈಕೋರ್ಟಿನ ಪೂರ್ಣಪೀಠದ ಮುಂದೆ ಸುಂದರಂ ಚೆಟ್ಟಿ ಎಂಬ ಮೊಕದ್ದಮೆ ಬಂದಿತು. ದೇವರ ಮೆರವಣಿಗೆಯನ್ನು ಮ್ಯಾಜಿಸ್ಟ್ರೇಟನು ತಡೆಯಬಹುದೆ ಎಂಬುದು ಪ್ರಶ್ನೆ. ಮುಖ್ಯ ನ್ಯಾಯಾಧೀಶ ಟರ್ನರ್ ಎಂಬವರ ಅಭಿಪ್ರಾಯದ ತಾತ್ಪರ್ಯ ಹೀಗಿದೆ: ಜೀವ ಮತ್ತು ಸ್ವತ್ತುಗಳ ರಕ್ಷಣೆ ಸರಕಾರದ ಮೊದಲ ಕರ್ತವ್ಯ, ಅದಕ್ಕಾಗಿ ಪ್ರಜೆಗಳ ನ್ಯಾಯವಾದ ಹಕ್ಕುಗಳಲ್ಲಿಯೂ ಅದು ಕೈಹಾಕಬಹುದು, ಆದರೆ ಅಧಿಕಾರದ ಬಲವು ಹಕ್ಕನ್ನು ಅಮಾನತಿನಲ್ಲಿಡುವುದಕ್ಕಿಂತ ಹಕ್ಕನ್ನು ಕಾಯುವುದಕ್ಕೇ ವಿನಿಯೋಗವಾಗಬೇಕು. ಈ ಮಾತು ಹಳೆಯ ವರದಿಗಳಲ್ಲಿ ಹುದುಗಿ ಹೋಗಲಿಲ್ಲ. ತೊಂಬತ್ತೆಂಟು ವರ್ಷಗಳಾದ ಮೇಲೆ, 1981ರಲ್ಲಿ, ಕಾಶಿಯ ಶಿಯಾ ಮುಸಲ್ಮಾನರ ಧಾರ್ಮಿಕ ಆಚರಣೆಗಳಿಗೆ 144ನೆಯ ಸೆಕ್ಷನ್ನಿನ ಆದೇಶಗಳು ಮತ್ತೆ ಮತ್ತೆ ಅಡ್ಡಬಂದ ಗುಲಾಂ ಅಬ್ಬಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ಮಾತನ್ನು ಎತ್ತಿಹಿಡಿಯಿತು. (ಆ 144ಕ್ಕೆ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಎಂಬ ಅಂಕೆ ಬಂದಿದೆ, ಅಂಕೆ ಬದಲಾದರೂ ಅಧಿಕಾರ ಹೆಚ್ಚುಕಡಮೆ ಅದೇ.) ಹಿಂದೂ ಮೆರವಣಿಗೆಯ ಮೊಕದ್ದಮೆಯಲ್ಲಿ ಹುಟ್ಟಿದ ನ್ಯಾಯವು ಮುಸಲ್ಮಾನರ ಮೊಕದ್ದಮೆಗೆ ದೀಪ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಸೊಲ್ಲಾಪುರವೂ ಈ ಚರಿತ್ರೆಗೆ ಒಂದು ಅಧ್ಯಾಯವನ್ನು ಸೇರಿಸಿದೆ. 1930ರ ಮೇ ತಿಂಗಳಲ್ಲಿ, ಮಹಾತ್ಮರ ಬಂಧನದ ತರುವಾಯ ಎದ್ದ ಗಲಭೆಯನ್ನು ನಿಮಿತ್ತ ಮಾಡಿಕೊಂಡು ಸರಕಾರವು ಅಲ್ಲಿ ಮಾರ್ಷಲ್ ಲಾ, ಎಂದರೆ ಸೈನ್ಯದ ಆಳ್ವಿಕೆಯನ್ನು ಹೇರಿತು. ಮೇ 12ರಿಂದ ಜೂನ್ ಕೊನೆಯವರೆಗೆ ಊರು ಬಂದೂಕಿನ ನೆರಳಿನಲ್ಲಿ ಬದುಕಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರು 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಗಲ್ಲಿಗೇರಿದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಆ ಮಾರ್ಷಲ್ ಲಾ ನ್ಯಾಯವೆ ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿನ ಮುಂದೆ ಹೋದಾಗ, ಅಂಥ ಆಳ್ವಿಕೆಗೆ ಅನಿವಾರ್ಯತೆಯೊಂದೇ ಆಧಾರವೆಂದೂ ಆ ಅನಿವಾರ್ಯತೆ ನಿಜವಾಗಿ ಇದ್ದಿತೆ ಇಲ್ಲವೆ ಎಂದು ನ್ಯಾಯಾಲಯ ನೋಡಬಹುದೆಂದೂ ಪೀಠವು ಹೇಳಿದುದು. ಸೊಲ್ಲಾಪುರದ ನಾಲ್ವರ ಜೀವವನ್ನು ಆ ತತ್ತ್ವ ಉಳಿಸಲಿಲ್ಲ. ಆದರೂ 'ಅಧಿಕಾರ ಐತೇನ್ರಿ' ಎಂಬ ನಮ್ಮೂರ ಹಿರಿಯರ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳಬಹುದೆಂಬ ಮಾತು ಪರಕೀಯರ ಕಾಲದಲ್ಲಿಯೇ ನಮ್ಮ ಜಿಲ್ಲೆಯ ನಿಮಿತ್ತದಿಂದ ದಾಖಲಾಯಿತೆನ್ನುವುದು ಸಣ್ಣ ಮಾತಲ್ಲ.

ಸ್ವತಂತ್ರ ಭಾರತದ ಸಂವಿಧಾನ ಬಂದ ಮೇಲೆ ರಾಣಿಯ ವಚನದ ಸ್ಥಾನದಲ್ಲಿ ಪ್ರಜೆಯ ಹಕ್ಕು ನಿಂತಿತು. ಅದರ 25ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ ಆ ಅನುಚ್ಛೇದ ಆರಂಭವಾಗುವುದೇ ನಿರ್ಬಂಧದಿಂದ: ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ, ಇವುಗಳಿಗೆ ಒಳಪಟ್ಟು. ಹಕ್ಕಿಗಿಂತ ಮೊದಲು ಆರೋಗ್ಯ ಬಂದು ಕುಳಿತಿದೆ. ಹಾಗಾದರೆ ಆರೋಗ್ಯದ ಹೆಸರು ಹೇಳಿದೊಡನೆ ಹಕ್ಕು ಸುಮ್ಮನಾಗಬೇಕೆ? ಧರ್ಮದಲ್ಲಿ ಯಾವುದು ಅತ್ಯಾವಶ್ಯಕ, ಯಾವುದು ಅಲ್ಲವೆಂದು ಹೇಳುವವರಾರು? ಈ ಎರಡನೆಯ ಪ್ರಶ್ನೆಗೆ ಮೊದಲ ದೊಡ್ಡ ಉತ್ತರ ಬಂದುದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, 1954ರಲ್ಲಿ. ದಕ್ಷಿಣ ಕನ್ನಡ ಜಿಲ್ಲೆ ಆಗಿನ್ನೂ ಮದ್ರಾಸು ರಾಜ್ಯದಲ್ಲಿದ್ದಿತು. ಒಂದು ಧರ್ಮಕ್ಕೆ ಅತ್ಯಾವಶ್ಯಕವಾದುದು ಯಾವುದೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕೆಂದು ಸುಪ್ರೀಂ ಕೋರ್ಟು ಅಂದು ಹೇಳಿತು. ಮುಂದೆ ನ್ಯಾಯಾಲಯಗಳು ಈ ಮಾತನ್ನು ಹಿಗ್ಗಿಸಿಯೂ ಇವೆ, ಕುಗ್ಗಿಸಿಯೂ ಇವೆ. ಆ ಚರ್ಚೆ ಈ ಲೇಖನಕ್ಕೆ ಹಿಡಿಯುವುದಿಲ್ಲ.

ತುರ್ತುಪರಿಸ್ಥಿತಿಯೆಂಬ ಶಬ್ದವನ್ನು ಎರಡು ಅರ್ಥಗಳಲ್ಲಿ ಬಳಸುತ್ತೇವಾದುದರಿಂದ ಗೊಂದಲವುಂಟಾಗುತ್ತದೆ. ಸಂವಿಧಾನದ 352ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ಘೋಷಿಸುವ ತುರ್ತುಪರಿಸ್ಥಿತಿ ಒಂದು. ಅದು ಇರುವಾಗ, ಕೆಲವು ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು 359ನೆಯ ಅನುಚ್ಛೇದದ ಮೇರೆಗೆ ಮುಚ್ಚಬಹುದು. 1975ರ ಜೂನ್ 27ರ ಆದೇಶವು ಹೀಗೆ ಮುಚ್ಚಿದುದು 14, 21 ಮತ್ತು 22ನೆಯ ಅನುಚ್ಛೇದಗಳ ದಾರಿಯನ್ನು. 25ನೆಯದು ಆ ಪಟ್ಟಿಯಲ್ಲಿರಲಿಲ್ಲ. ಕಾಗದದ ಮೇಲೆ ಪೂಜೆಯ ಹಕ್ಕು ಜೀವಂತವಾಗಿದ್ದಿತು! ಆದರೆ ಪೂಜಿಸುವವನನ್ನೇ ಕಾರಣ ಹೇಳದೆ ಬಂಧಿಸಿದರೆ ಆ ಹಕ್ಕಿಗೆ ಏನು ಬೆಲೆ? ಜುಲೈ 4ರಂದು ನಿಷೇಧಕ್ಕೊಳಗಾದ ಇಪ್ಪತ್ತಾರು ಸಂಸ್ಥೆಗಳಲ್ಲಿ ಆನಂದಮಾರ್ಗ, ಜಮಾತೆ ಇಸ್ಲಾಮಿಗಳೂ ಇದ್ದುವು. 1976ರ ಏಪ್ರಿಲ್ 28ರಂದು, ಬಂಧಿತನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು, ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ 20 ಮತ್ತು 21ನೆಯ ಅನುಚ್ಛೇದಗಳನ್ನು ಎಂದಿಗೂ ಮುಟ್ಟದಂತೆ ಕಟ್ಟುಮಾಡಲಾಯಿತು. 25ಕ್ಕೆ ಅಂಥ ಕೋಟೆಯಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

2020ರದು ಈ ಬಗೆಯ ತುರ್ತುಪರಿಸ್ಥಿತಿಯಲ್ಲ. ಅಂದಿನ ಲಾಕ್‌ಡೌನ್ ನಿಂತುದು 2005ರ ವಿಪತ್ತು ನಿರ್ವಹಣಾ ಕಾಯಿದೆ ಮತ್ತು ಮೇಲೆ ಹೇಳಿದ 1897ರ ಕಾಯಿದೆಗಳ ಮೇಲೆ. ಆದುದರಿಂದ ಗುಡಿಯ ಬಾಗಿಲು ಮುಚ್ಚಿದ್ದರೂ ನ್ಯಾಯಾಲಯದ ಬಾಗಿಲು ತೆರೆದಿದ್ದಿತು. ಈ ಭೇದ ಬಹಳ ದೊಡ್ಡದು. ಅದರ ಫಲವನ್ನು ಪುರಿಯ ರಥಯಾತ್ರೆಯಲ್ಲಿ ಕಾಣಬಹುದು. 2020ರ ಜೂನ್ 18ರಂದು ಸುಪ್ರೀಂ ಕೋರ್ಟು ಆ ವರ್ಷದ ರಥಯಾತ್ರೆಯನ್ನು ತಡೆಯಿತು. ಅನುಮತಿ ಕೊಟ್ಟರೆ ಜಗನ್ನಾಥನೇ ತಮ್ಮನ್ನು ಕ್ಷಮಿಸಲಾರನೆಂಬರ್ಥದ ಮಾತನ್ನು ಮುಖ್ಯ ನ್ಯಾಯಾಧೀಶ ಬೋಬಡೆಯವರು ಅಂದರು. ನಾಲ್ಕೇ ದಿನಗಳಲ್ಲಿ, ಜೂನ್ 22ರಂದು, ಅದೇ ನ್ಯಾಯಾಲಯ ತನ್ನ ಆದೇಶವನ್ನು ಬದಲಿಸಿತು. ರಥ ಹೊರಡಲಿ, ಆದರೆ ಜನ ಬೇಡ. ಪುರಿಯಲ್ಲಿ ಕರ್ಫ್ಯೂ ಇರಲಿ, ಊರೊಳಗೆ ಬರುವ ದಾರಿಗಳೆಲ್ಲ ಮುಚ್ಚಿರಲಿ. ಒಂದೊಂದು ರಥವನ್ನೂ ಐನೂರಕ್ಕೆ ಮೀರದ, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದ ಜನರೇ ಎಳೆಯಲಿ. ರಥರಥಕ್ಕೆ ಒಂದು ಗಂಟೆಯ ಅಂತರವಿರಲಿ. ಉಳಿದವರು ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡಲಿ. ಮರುದಿನ ಬರಿದಾದ ದೊಡ್ಡ ಬೀದಿಯಲ್ಲಿ ಮೂರು ರಥಗಳು ನಡೆದುದನ್ನು ನಾವೂ ನೋಡಿದೆವು. ಜನರಿಲ್ಲದ ಜಾತ್ರೆ ಜಾತ್ರೆಯೆ? ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ದೇವರ ಸೇವೆ ತಪ್ಪಲಿಲ್ಲ, ರೋಗಕ್ಕೂ ಹಬ್ಬ ಮಾಡಿಕೊಡಲಿಲ್ಲ. 'ಸಂಪೂರ್ಣ ನಿಲ್ಲಿಸು' ಎಂಬುದಕ್ಕೂ 'ಎಂದಿನಂತೆ ನಡೆಸು' ಎಂಬುದಕ್ಕೂ ನಡುವೆ ಒಂದು ಇಕ್ಕಟ್ಟಾದ ದಾರಿಯಿದೆಯೆಂದೂ, ಅದನ್ನು ಹುಡುಕುವ ಹೊಣೆ ಸರಕಾರದ್ದೆಂದೂ ಅಂದು ಸಿದ್ಧವಾಯಿತು. 1897ರಲ್ಲಿ ಈ ಹುಡುಕಾಟವನ್ನು ಕೇಳುವ ಸ್ಥಳವೇ ಇರಲಿಲ್ಲ.

ಪಂಢರಪುರ ನಮ್ಮ ಜಿಲ್ಲೆಯದೇ. ಜ್ಞಾನದೇವರು ಕಾನಡಾ ಎಂದು ಕರೆದ ವಿಠ್ಠಲನು, ದಾಸರ ಪದಗಳಿಂದ ಕನ್ನಡದ ಮನೆಮನೆಯನ್ನೂ ಹೊಕ್ಕವನು, ನಮಗೇನೂ ಪರನಲ್ಲ. ಆ ವರ್ಷ ಆಳಂದಿ ದೇಹೂಗಳಿಂದ ಪಾದುಕೆಗಳು ಕಾಲ್ನಡಿಗೆಯ ವಾರಿಯಾಗಿ ಹೊರಡಲಿಲ್ಲ. ಆಷಾಢ ದಶಮಿಯಂದು, ಜೂನ್ 30ಕ್ಕೆ, ಹೂವಿನಿಂದ ಅಲಂಕರಿಸಿದ ಬಸ್ಸುಗಳಲ್ಲಿ ಕೆಲವೇ ಮಂದಿಯ ಜೊತೆಗೆ ಬಂದುವು. 2021ರಲ್ಲಿಯೂ ಹತ್ತು ಪಾಲಖಿಗಳಿಗೆ ತಲಾ ಎರಡು ಬಸ್ಸುಗಳು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಜುಲೈ 19ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು. ತಲೆಮಾರುಗಳಿಂದ ನಡೆದು ಬಂದ ಕುಟುಂಬಗಳ ವೃದ್ಧರು ಆ ಬಸ್ಸನ್ನು ನೋಡಿ ಕಣ್ಣೀರಿಟ್ಟರೆಂದು ಕೇಳಿದಾಗ, ನ್ಯಾಯ ಯಾವುದೆಂದು ತಿಳಿದಿದ್ದರೂ ಹೃದಯ ಭಾರವಾಗದಿರಲಿಲ್ಲ.

'ಎಲ್ಲಾರಿಗೂ ಒಂದ ಲೆಕ್ಕನ' ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು. 2020ರ ಆಗಸ್ಟ್ 21ರಂದು ಮುಂಬಯಿಯ ದಾದರ, ಭಾಯಖಳಾ, ಚೆಂಬೂರಿನ ಮೂರು ಜೈನ ಬಸದಿಗಳಲ್ಲಿ ಪರ್ಯೂಷಣದ ಕೊನೆಯ ಎರಡು ದಿನ ಪ್ರಾರ್ಥನೆಗೆ ಸುಪ್ರೀಂ ಕೋರ್ಟು ಅನುಮತಿ ಕೊಟ್ಟಿತು. ಒಮ್ಮೆಗೆ ಐವರು, ದಿನಕ್ಕೆ ಇನ್ನೂರೈವತ್ತಕ್ಕೆ ಮೀರದಂತೆ. ವ್ಯಾಪಾರಕ್ಕೆ ಬಿಟ್ಟ ಸರಕಾರ ಪ್ರಾರ್ಥನೆಗೆ ಮಾತ್ರ ರೋಗದ ಮಾತನ್ನಾಡುವುದೇಕೆಂದು ನ್ಯಾಯಾಧೀಶರು ಕೇಳಿದರು. ಒಂದು ವಾರದೊಳಗೆ, 27ರಂದು, ದೇಶದಾದ್ಯಂತ ಮೊಹರಂ ಮೆರವಣಿಗೆಗೆ ಅನುಮತಿ ಬೇಡಿದ ಅರ್ಜಿಯನ್ನು ಅದೇ ನ್ಯಾಯಾಲಯ ನಿರಾಕರಿಸಿತು. ಒಂದು ಊರಿನ ಒಂದು ದೇವಸ್ಥಾನವಾದರೆ ಅಪಾಯವನ್ನು ಅಳೆಯಬಹುದು, ದೇಶಕ್ಕೆಲ್ಲ ಒಂದೇ ಅಪ್ಪಣೆ ಕೊಟ್ಟರೆ ಗೊಂದಲವಾದೀತು, ಆ ಸಮುದಾಯವೇ ರೋಗ ಹರಡಿತೆಂಬ ಅಪವಾದಕ್ಕೆ ಗುರಿಯಾದೀತು ಎಂಬುದು ಕೊಟ್ಟ ಕಾರಣ. ಕಾರಣದಲ್ಲಿ ಹುರುಳಿದೆ. ಆದರೂ ತೀರ್ಪುಗಳೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಸಾಮಾನ್ಯನಿಗೆ ಒಂದು ಸಂಶಯ ಉಳಿದರೆ ಅವನನ್ನು ದೂರಲಾಗದು. ಜೈನರ ಆದೇಶ ಬಂದ ದಿನವೇ ಮುಂಬಯಿ ಹೈಕೋರ್ಟಿನ ಔರಂಗಾಬಾದ ಪೀಠವು, ದೆಹಲಿಯ ತಬ್ಲೀಗಿ ಸಮಾವೇಶಕ್ಕೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಸಂಕಟಕಾಲದಲ್ಲಿ ಬಲಿಪಶುಗಳನ್ನು ಹುಡುಕುವ ಪ್ರವೃತ್ತಿಯನ್ನು ಖಂಡಿಸಿತು. ಕೂಡುವುದನ್ನು ತಡೆಯುವುದು ಬೇರೆ. ಕೂಡಿದವರನ್ನೇ ರೋಗವೆಂದು ಕರೆಯುವುದು ಬೇರೆ.

2021 ಬೇರೆಯೇ ಪಾಠ ಕಲಿಸಿತು. ಏಪ್ರಿಲಿನಲ್ಲಿ ಎರಡನೆಯ ಅಲೆ ಏರುತ್ತಿರುವಾಗಲೇ ಹರಿದ್ವಾರದ ಕುಂಭಮೇಳ ನಡೆಯಿತು. 17ರಂದು ಪ್ರಧಾನಮಂತ್ರಿಗಳು ಮೇಳವನ್ನು ಸಾಂಕೇತಿಕವಾಗಿಸಿರೆಂದು ಕೇಳಿಕೊಳ್ಳುವ ವೇಳೆಗೆ ಮುಖ್ಯ ಸ್ನಾನಗಳು ಮುಗಿದಿದ್ದುವು. 1892ರಲ್ಲಿ ಅದೇ ಹರಿದ್ವಾರದಲ್ಲಿ ಸರಕಾರ ದುಡುಕಿದ್ದರೆ, 2021ರಲ್ಲಿ ಅದು ತಡೆಯಬೇಕಾದಾಗ ತಡೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಜುಲೈಯಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಉತ್ತರಪ್ರದೇಶದ ಕಾವಡಿ ಯಾತ್ರೆಯ ವಿಚಾರವನ್ನೆತ್ತಿಕೊಂಡು, ಜೀವಿಸುವ ಹಕ್ಕು ಎಲ್ಲಕ್ಕೂ ಮಿಗಿಲೆಂದಿತು, ಯಾತ್ರೆ ರದ್ದಾಯಿತು. ಅದೇ ವಾರ ಕೇರಳ ಸರಕಾರ ಬಕ್ರೀದಿಗಾಗಿ ಸಡಿಲಿಕೆ ಕೊಟ್ಟುದನ್ನೂ ಅಷ್ಟೇ ಕಟುವಾಗಿ ಟೀಕಿಸಿತು. ಹೀಗೆ ಎರಡು ಕಡೆಗೂ ಒಂದೇ ಅಳತೆಗೋಲು ಹಿಡಿದಾಗ ಮಾತ್ರ ಜನ ಆದೇಶವನ್ನು ನಂಬುತ್ತಾರೆ.

ಅಮೆರಿಕದವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ನ್ಯೂಯಾರ್ಕಿನ ಗವರ್ನರರು ರೋಗ ಹೆಚ್ಚಿದ ಭಾಗಗಳ ಪ್ರಾರ್ಥನಾಮಂದಿರಗಳಿಗೆ ಕೆಲವೆಡೆ ಹತ್ತು, ಕೆಲವೆಡೆ ಇಪ್ಪತ್ತೈದು ಜನರ ಮಿತಿ ಹಾಕಿದಾಗ, ಅಂಗಡಿಗಳಿಗಿಲ್ಲದ ಮಿತಿ ದೇವರ ಮನೆಗೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 2020ರ ನವೆಂಬರ್ 25ರಂದು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ತಡೆಹಿಡಿಯಿತು. ಟೆಕ್ಸಾಸ್ ರಾಜ್ಯದ ಮತದಾರರು ಇನ್ನೂ ಮುಂದೆ ಹೋಗಿ, 2021ರ ನವೆಂಬರ್ 2ರಂದು, ಧಾರ್ಮಿಕ ಸೇವೆಗಳನ್ನು ಸರಕಾರ ನಿಷೇಧಿಸುವಂತಿಲ್ಲ, ಮಿತಿಗೊಳಿಸುವಂತೆಯೂ ಇಲ್ಲವೆಂಬ ಮಾತನ್ನು ತಮ್ಮ ರಾಜ್ಯದ ಸಂವಿಧಾನದೊಳಗೇ ಬರೆದುಕೊಂಡರು. ಅಂಗಡಿಗೊಂದು ಗುಡಿಗೊಂದು ಎಂಬ ತಾರತಮ್ಯ ಕೂಡದೆಂಬ ಮಾತಿಗೆ ನಮ್ಮ ಪೂರ್ಣ ಸಮ್ಮತಿಯಿದೆ. ಆದರೆ ಗಡ್ಡೆಬ್ಯಾನಿಯ ನೆನಪಿರುವ ಸೀಮೆಯಲ್ಲಿ ಹುಟ್ಟಿದ ನಮಗೆ, ಎಂಥ ರೋಗ ಬಂದರೂ ತೇರನ್ನು ಯಾರೂ ತಡೆಯಕೂಡದೆಂಬ ಕಾಯಿದೆ ಬೇಕೆನ್ನಿಸುವುದಿಲ್ಲ. ಬೇಕಾದುದು ಕಾರಣ ಹೇಳುವ ಕಾಯಿದೆ, ಗಡುವನ್ನು ಹೇಳುವ ಕಾಯಿದೆ, ನಮ್ಮ ಮಾತನ್ನು ಕೇಳುವ ಕಾಯಿದೆ.

ನಮ್ಮ ಮಾತು ಎಂದೆವು. ಅದು ಕನ್ನಡದಲ್ಲಿದೆ. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವ ಪ್ರಜೆಯೂ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಅಂದು ಕಟ್ಟೆಯ ಮೇಲೆಯೇ ಕುಳಿತು ನಾವು ಕನ್ನಡದಲ್ಲಿ ಮನವಿ ಬರೆದು, ಕೆಳಗೆ ಮರಾಠಿಯ ಭಾಷಾಂತರವನ್ನೂ ಸೇರಿಸಿದೆವು. ತೇರನ್ನು ಎಳೆಯುವುದಿಲ್ಲ; ತೇರುಮನೆಯೊಳಗೆ ಪೂಜಾರಿಯೂ ಸೇರಿ ಐದು ಜನ ಮಂಗಳಾರತಿ ಮಾಡಲು ಬಿಡಬೇಕು; ಆದೇಶದ ಕನ್ನಡ ಪ್ರತಿಯನ್ನು ಕೊಡಬೇಕು. ಇಷ್ಟೇ ಬೇಡಿಕೆ. ಓಣಿಯ ಕೆಲವು ತರುಣರಿಗೆ ಇದು ಸೇರಲಿಲ್ಲ. ಬೆಳಗಾಗುವುದರೊಳಗೆ ತೇರನ್ನು ಪಾದಗಟ್ಟೆಯವರೆಗೆ ಎಳೆದುಬಿಡೋಣ, ಕೇಳುವವರಾರು ಎಂಬ ಪಿಸುಮಾತು ನಡೆದಿದ್ದಿತು. ಹಿರಿಯರು ಅವರನ್ನು ಕರೆಸಿ ಬೈಯಲಿಲ್ಲ. ಬನ್ನಿಯ ಮರದ ಕೆಳಗೆ ದೇವರು ಎರಡು ವರ್ಷ ಕುಳಿತಿದ್ದ ಕಥೆಯನ್ನು ಹೇಳಿ, "ಅವಾಗ ದೇವರು ಸಿಟ್ಟಾಗಲಿಲ್ಲಪ್ಪಾ. ನಾವು ಉಳದೀವಿ, ಅದಕ್ಕ ತೇರೂ ಉಳದೈತಿ" ಎಂದರು. ಪಿಸುಮಾತು ಅಲ್ಲಿಗೆ ನಿಂತಿತು.

ಮನವಿಯ ಮೊದಲ ಬೇಡಿಕೆಗೆ ಎರಡು ದಿನಗಳಲ್ಲಿ ಒಪ್ಪಿಗೆ ಬಂದಿತು. ಕನ್ನಡ ಪ್ರತಿಯ ವಿಷಯಕ್ಕೆ ಉತ್ತರ ಬರಲಿಲ್ಲ. ಐವರು ಒಳಹೋಗಿ, ನಿಂತ ತೇರಿಗೆ ಆರತಿ ಬೆಳಗಿ, ಹಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬಂದರು. ಹಿರಿಯರು ಆ ಐವರಲ್ಲಿ ಒಬ್ಬರಾಗಿದ್ದರು.

2021ರ ಏಪ್ರಿಲಿನಲ್ಲಿ, ಎರಡನೆಯ ಅಲೆಯಲ್ಲಿ, ಅವರು ತೀರಿಕೊಂಡರು. ಮಣ್ಣಿಗೆ ಇಪ್ಪತ್ತು ಜನರನ್ನು ಎಣಿಸಿ ಬಿಟ್ಟರು. ನಾವು ಇಪ್ಪತ್ತೊಂದನೆಯವರಾಗಿದ್ದುದರಿಂದ ಅಗಸೆಯ ಬಳಿಯಲ್ಲಿಯೇ ನಿಂತು ಕೈಮುಗಿದೆವು.

2022ರ ಏಪ್ರಿಲ್ 2, ಯುಗಾದಿಯ ದಿನ, ಮಹಾರಾಷ್ಟ್ರದಲ್ಲಿ ನಿರ್ಬಂಧಗಳೆಲ್ಲ ತೆರವಾದುವು. ಆ ವೈಶಾಖದಲ್ಲಿ ತೇರು ಎಳೆಯುವ ಮುನ್ನ ಪಂಚರು ದೇವಸ್ಥಾನದ ಪೆಟ್ಟಿಗೆಯನ್ನು ತೆರೆದರು. ಜಾತ್ರೆಯ ಲೆಕ್ಕದ ವಹಿಗಳ ನಡುವೆ ಆ ಮರಾಠಿ ಆದೇಶವೂ ನಾವು ಬರೆದ ಮನವಿಯ ಪ್ರತಿಯೂ ಒಂದೇ ದಾರದಿಂದ ಕಟ್ಟಿ ಇಡಲ್ಪಟ್ಟಿದ್ದುವು. ಮನವಿಯ ಕೆಳಗೆ ಹಿರಿಯರು ನಡುಗುವ ಕೈಯಿಂದ ಮಾಡಿದ್ದ ಕನ್ನಡದ ಸಹಿಯಿದೆ. ಅವು ಈಗಲೂ ಅಲ್ಲಿಯೇ ಇವೆ.